ಮಗಾಲಿ ಅಳಿಸಿದ ಪುಟ

ಪಾಸೊ ಸೌಸೆ,
ಸೋಮವಾರ, 14 ನವೆಂಬರ್ 2011

ಪ್ರೀತಿಯ ಮಗನೇ, ಆದೆಮಾರ್,

ಹೇಗಿದ್ದೀಯಪ್ಪಾ? ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀಯಾ? ಅಲ್ಲಿ ಬಡಗಣ ಸೀಮೆಯಲ್ಲಿ ನವೆಂಬರಿಗೇ ಬಿಸಿಲು ನೆತ್ತಿ ಸುಡುತ್ತೆ ಅಂತ ಕೇಳಿದ್ದೀನಿ. ಕಬ್ಬಿನ ಸೋಗೆ ಕೈ ಕುಯ್ಯುತ್ತೆ, ತುಂಬುತೋಳಿನ ಅಂಗಿ ಹಾಕ್ಕೊಂಡೇ ಕೆಲಸಕ್ಕೆ ಇಳಿ. ನಿನ್ನ ಬೂದು ಅಂಗಿ ಇಲ್ಲೇ ಮೊಳೆಯಲ್ಲಿ ನೇತಾಡ್ತಿತ್ತು, ಹೋಗೋ ಗಡಿಬಿಡಿಯಲ್ಲಿ ಬಿಟ್ಟು ಹೋಗಿದ್ದೆ. ಈ ಕಾಗದದ ಜೊತೆಗೇ ಅದನ್ನೂ ಕಟ್ಟಿ ಬಸ್ಸಿನ ಡ್ರೈವರ್ ವಾಲ್ತೆರ್ ಕೈಲಿ ಕೊಡ್ತಿದ್ದೀನಿ. ಎರಡು ಗುಂಡಿ ಹೊಸದಾಗಿ ಹೊಲಿದಿದ್ದೀನಿ, ಬಣ್ಣ ಕೂಡಲಿಲ್ಲ ಅಂತ ಬೈಕೋಬೇಡ. ನನ್ನ ಮಂಡಿ ಎಂದಿನ ಹಾಗೇ ಇದೆ, ಅದರ ಕಥೆ ಬಿಡು. ಕಪ್ಪು ಕೋಳಿ ಹನ್ನೊಂದು ಮೊಟ್ಟೆ ಮೇಲೆ ಕಾವಿಗೆ ಕೂತಿದೆ. ನಿನ್ನ ಮಗಳು ಮಗಾಲಿ ಚೆನ್ನಾಗಿದ್ದಾಳೆ ಅಂತ ಬರೆಯೋಣ ಅಂದುಕೊಂಡೆ, ಆದರೆ ಇವತ್ತು ಸುಳ್ಳು ಬರೆಯಬಾರದು ಅಂತ ತೀರ್ಮಾನ ಮಾಡಿ ಪೆನ್ನು ಹಿಡಿದಿದ್ದೀನಿ. ಅವಳಿಗೆ ಜ್ವರ ಇಲ್ಲ, ಕೆಮ್ಮು ನಿಂತಿದೆ. ಅಷ್ಟನ್ನ ಮಾತ್ರ ನಿಜವಾಗಿ ಹೇಳಬಲ್ಲೆ.

ನೀನು ಹೋಗಿ ಹದಿನಾರು ದಿನ ಆಯ್ತು. ಮೊದಮೊದಲು ನಿನ್ನ ಫೋನು ರಿಂಗಾಗ್ತಿತ್ತು, ನೀನು ಎತ್ತುತ್ತಿರಲಿಲ್ಲ. ಈಗ ರಿಂಗೂ ಇಲ್ಲ. ಫೋನಿನ ಹಾಗೆ ಕಾಗದವನ್ನ ಕಟ್ ಮಾಡೋಕೆ ಆಗಲ್ಲ ನೋಡು, ಹರಿದು ಹಾಕಬಹುದು ಅಷ್ಟೇ. ಹರಿಯೋಕೆ ಮುಂಚೆ ಒಂದು ಸಲವಾದರೂ ಕಣ್ಣಾಡಿಸ್ತೀಯ ಅನ್ನೋ ಆಸೆ ನನಗೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಬರಹ, ಅಕ್ಷರ ಬೀನ್ಸ್ ಕಾಳಿನ ಹಾಗೆ ಚೆಲ್ಲಾಡಿದ್ದರೂ ಆರಿಸಿ ಓದ್ಕೋ. ನಿನಗೆ ಗೊತ್ತಿರೋದು ಮಗಾಲಿ ಬರೆದಿದ್ದರಲ್ಲಿ ರೇಡಿಯೋದವರು ಓದಿದ ಆ ಹತ್ತು ಸಾಲು ಮಾತ್ರ. ಅದರ ಹಿಂದಿನದೂ ನಿನಗೆ ಗೊತ್ತಿಲ್ಲ, ನೀನು ಹೋದ ಮೇಲಿನದೂ ಗೊತ್ತಿಲ್ಲ. ನೀನು ಹೊಲದಲ್ಲಿ, ನಾನು ಮನೆಯಲ್ಲಿ. ತಾಯಿಯಿಲ್ಲದ ಆ ಕೂಸಿನ ಜೊತೆ ಸಂಜೆ ಕೂತು ಅವಳ ಮಾತು ಕೇಳಿದವಳು ನಾನು. ಅದಕ್ಕೇ ಮೊದಲಿಂದ ಬರೀತೀನಿ.

ಮಾರ್ಚಿನಲ್ಲಿ ಶಾಲೆ ಶುರುವಾದಾಗ ಗ್ರಿಸೆಲ್ ಟೀಚರು ಮನೆಯವರನ್ನೆಲ್ಲ ಕರೆಸಿದ್ದರು. ನಿನಗೆ ಯಂತ್ರದ ರಿಪೇರಿ ಇತ್ತು, ನಾನೇ ಹೋಗಿದ್ದೆ. ಸರ್ಕಾರ ಕೊಟ್ಟ ಆ ಹಸಿರು ಲ್ಯಾಪ್‌ಟಾಪುಗಳು ಒಂಬತ್ತು ಮಕ್ಕಳ ಮುಂದೆ ಒಂಬತ್ತು, ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದವು. ಇನ್ನು ಮೇಲೆ ಪ್ರತಿ ಗುರುವಾರ ಮಕ್ಕಳು ಬ್ಲಾಗ್ ಬರೀತಾರೆ ಅಂದರು ಟೀಚರು. ಹಾಗಂದರೇನು ಅಂತ ಕೇಳಿದೆ. ಇಂಟರ್ನೆಟ್ಟಿನಲ್ಲಿ ಇರೋ ಒಂದು ನೋಟುಪುಸ್ತಕ, ಯಾರು ಬೇಕಾದರೂ ತೆಗೆದು ಓದಬಹುದು ಅಂದರು. ನನ್ನ ಬಾಯಿ ನಿನಗೆ ಗೊತ್ತಲ್ಲ, ಅಂದರೆ ಮನೆಯ ಬಟ್ಟೆ ತಗೊಂಡು ಹೋಗಿ ಊರಿನ ನಡುವೆ ಒಗೆದ ಹಾಗೆ ಅಂದುಬಿಟ್ಟೆ. ಎಲ್ಲರೂ ನಕ್ಕರು. ಟೀಚರೂ ನಕ್ಕು, ಮನೆಯದ್ದಲ್ಲ ದೋನ್ಯಾ ನೂಬಿಯಾ, ತರಗತಿಯಲ್ಲಿ ಮಾಡಿದ ಕೆಲಸದ್ದು, ಅಂದರು. ಆಮೇಲೆ ಅವರು ಹೇಳಿದ್ದು ನನಗೆ ಹಿಡಿಸಿತು. ಹಸು ಮೇಯೋವಾಗ ಸುಮ್ಮನೆ ನುಂಗಿಕೊಂಡು ಹೋಗುತ್ತೆ, ನೆರಳಿಗೆ ಬಂದು ಮಲಗಿ ಮೆಲುಕು ಹಾಕುವಾಗಲೇ ಅದು ಮೈಗೆ ಹತ್ತೋದು. ಮಕ್ಕಳೂ ವಾರವೆಲ್ಲ ಪಾಠ ನುಂಗ್ತಾರೆ, ಗುರುವಾರ ಮೆಲುಕು ಹಾಕಲಿ ಅಂದರು. ಬ್ಲಾಗಿಗೆ 'ಮೆಲುಕು' ಅಂತಲೇ ಹೆಸರು ಬಿತ್ತು. ಏನು ಮಾಡಿದೆ, ಎಲ್ಲಿ ತೊಡಕಾಯಿತು, ಈಗ ಏನು ಅನ್ನಿಸುತ್ತೆ, ಈ ಮೂರಕ್ಕೆ ಉತ್ತರ ಬರೆಯಬೇಕು. ದನಗಳ ಮಧ್ಯೆ ಹುಟ್ಟಿದ ನಮಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳ್ತಾರೆ?

ಮೊದಲ ವಾರ ನಿನ್ನ ಮಗಳು ಬರೆದಿದ್ದು ಎರಡೇ ಸಾಲು. 'ಭಿನ್ನರಾಶಿ ಕಲಿತೆವು. ಚೆನ್ನಾಗಿತ್ತು.' ಟೀಚರು ಅದರ ಕೆಳಗೇ ಬರೆದರಂತೆ, 'ಚೆನ್ನಾಗಿತ್ತು ಅಂದರೆ ಏನು? ಯಾವುದು? ಯಾಕೆ?' ಮಗಾಲಿ ಮೂತಿ ಊದಿಸಿಕೊಂಡು ಮನೆಗೆ ಬಂದಳು. ಚೆನ್ನಾಗಿತ್ತು ಅನ್ನೋ ಪದಾನೇ ಶಾಲೆಯಲ್ಲಿ ಬಹಿಷ್ಕಾರ ಅಜ್ಜಿ, ಅದನ್ನ ಬರೆದವರು ಮುಂದಿನ ವಾರ ಕೋಳಿಗೂಡು ಗುಡಿಸಬೇಕು ಅಂದಳು. ನಾಲ್ಕು ಸಲ ಗುಡಿಸಿದಳು ಅಂತ ಕಾಣುತ್ತೆ. ಆಮೇಲೆ ಒಂದು ಗುರುವಾರ ಬರೆದಿದ್ದನ್ನ ನನಗೆ ಓದಿ ಹೇಳಿದಳು. 'ನನಗೆ ಭಿನ್ನರಾಶಿ ಅರ್ಥವಾಗಿರಲಿಲ್ಲ. ಪಕ್ಕದಲ್ಲಿ ಕೂರುವ ಬ್ರಾಯನ್‌ಗೆ ಅರ್ಥವಾಗಿದೆ ಎಂದು ನನಗೂ ಅರ್ಥವಾದ ಹಾಗೆ ತಲೆ ಆಡಿಸಿದೆ. ಮನೆಯಲ್ಲಿ ಅಜ್ಜಿ ರೊಟ್ಟಿ ಹಂಚುವಾಗ ದೊಡ್ಡ ಚೂರು ಅಪ್ಪನಿಗೆ ಇಟ್ಟರು, ಆಗ ಅರ್ಥವಾಯಿತು.' ನಾನು ನಕ್ಕು ನಕ್ಕು ಸಾಕಾಯ್ತು. ಅವತ್ತು ರಾತ್ರಿ ಊಟಕ್ಕೆ ನಿನಗೂ ಹೇಳಬೇಕು ಅಂತಿದ್ದೆ, ನೀನು ಬಂದವನೇ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿಬಿಟ್ಟೆ. ಆವಾಗಿನಿಂದ ನನಗೂ ಅದು ಒಂದು ಅಭ್ಯಾಸವೇ ಆಯ್ತು. ಗುರುವಾರ ಸಂಜೆ ಮಾಟೆ ಸೊಪ್ಪಿನ ಕಷಾಯ ಕುಡೀತಾ ಕೂತರೆ ಅವಳು ಓದ್ತಾಳೆ, ನಾನು ಕೇಳ್ತೀನಿ. ಚಿಕ್ಕ ಹುಡುಗಿ ಅಷ್ಟು ನಿಧಾನವಾಗಿ ತನ್ನನ್ನ ತಾನು ನೋಡಿಕೊಳ್ಳೋದನ್ನ ನಾನು ಈ ಅರವತ್ತೆಂಟು ವರ್ಷದಲ್ಲಿ ಕಂಡಿರಲಿಲ್ಲ. ನಾವು ಯಾವತ್ತಾದರೂ ಹಾಗೆ ನೋಡಿಕೊಂಡೆವಾ ಹೇಳು?

ಆಗಸ್ಟಿನಲ್ಲಿ ಶಾಲೆಗೆ ಜೇನುಪೆಟ್ಟಿಗೆ ಬಂದವು, ಎರಡು. ಅದು ನಿನಗೆ ಗೊತ್ತು, ನೀನೇ ಗಾಡಿಯಲ್ಲಿ ತಂದು ಇಳಿಸಿ, ಹುಳಕ್ಕೆ ಹೆದರದ ಹಾಗೆ ನಿಲ್ಲೋದು ಹೇಗೆ ಅಂತ ಮಕ್ಕಳಿಗೆ ತೋರಿಸಿ ಬಂದವನು. ನಮ್ಮಪ್ಪ ಬರಿಗೈಲಿ ಪೆಟ್ಟಿಗೆ ಮುಚ್ಚಳ ತೆಗೀತಾನೆ ಅಂತ ಮಗಾಲಿ ಒಂದು ವಾರ ಅದನ್ನೇ ಹೇಳಿಕೊಂಡು ತಿರುಗಿದಳು. ದಿನಾ ಬೆಳಿಗ್ಗೆ ಮಕ್ಕಳು ಸರದಿ ಮೇಲೆ ಪೆಟ್ಟಿಗೆ ಮುಂದೆ ಕೂತು, ನಿಮಿಷಕ್ಕೆ ಎಷ್ಟು ಹುಳ ಒಳಗೆ ಹೋಗುತ್ತವೆ ಅಂತ ಎಣಿಸಬೇಕಿತ್ತು. ಮೋಡ ಇದ್ದ ದಿನ ಎಷ್ಟು, ಬಿಸಿಲಿದ್ದ ದಿನ ಎಷ್ಟು ಅಂತ ಬ್ಲಾಗಿನಲ್ಲಿ ಪಟ್ಟಿ ಹಾಕ್ತಿದ್ದರು. ಹೀಗೆ ನಡೀತಾ ಇರುವಾಗ ರಸ್ತೆಯಾಚೆ ಕಂಪನಿಯವರ ಗೋಧಿಗೆ ತೆನೆ ತಿನ್ನೋ ಹುಳ ಬಿತ್ತು.

ಅಕ್ಟೋಬರ್ ಹತ್ತೊಂಬತ್ತು, ಬುಧವಾರ. ಅವತ್ತು ಏನಾಯ್ತು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಶಾಲೆಯ ಒಳಗೆ ಏನಾಯ್ತು ಅನ್ನೋದನ್ನ ಮಾತ್ರ ಹೇಳ್ತೀನಿ, ಅದನ್ನ ನೀನು ಯಾವತ್ತೂ ಕೇಳಲಿಲ್ಲ. ಹತ್ತೂವರೆಗೆ ಮಕ್ಕಳು ಅಂಗಳದಲ್ಲಿದ್ದರು. ಗೋಧಿಗೆ ಔಷಧಿ ಹೊಡೆಯೋ ಆ ದೊಡ್ಡ ಯಂತ್ರ, ನೀವೆಲ್ಲ ಸೊಳ್ಳೆ ಅಂತ ಕರೆಯೋದು, ಎರಡೂ ಕಡೆ ರೆಕ್ಕೆ ಚಾಚಿಕೊಂಡು ಬೇಲಿಯ ಪಕ್ಕಕ್ಕೇ ಬಂತಂತೆ. ವಾಸನೆ ಬಂದ ಕೂಡಲೇ ಟೀಚರು ಎಲ್ಲರನ್ನೂ ಒಳಗೆ ಎಳಕೊಂಡು ಕಿಟಕಿ ಹಾಕಿ, ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿದರು. ಆರು ವರ್ಷದ ಲುಹಾನ್ ಇದ್ದಾಳಲ್ಲ, ಎಲ್ಲರಿಗಿಂತ ಚಿಕ್ಕವಳು, ಅವಳಿಗೆ ಉಸಿರು ಹಿಡಿದುಕೊಂಡಿತು. ಅವಳನ್ನ ಪಟ್ಟಣದ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಕಳಿಸಿದರು. ನಮ್ಮವಳಿಗೆ ಕಣ್ಣು ಕೆಂಪಾಗಿ, ಕತ್ತಿನ ಸುತ್ತ ದದ್ದು ಎದ್ದು, ಎರಡು ವಾರ ಕೆಮ್ಮಿದಳು. ಅದೇನು ಅಂತ ನೀನು ಕೇಳಿದಾಗ ಗಿಡದ ಧೂಳು ಅಂತ ನಾನೇ ಅಂದೆ. ನೀನೂ ಹೂಂ ಅಂದೆ. ನಾವಿಬ್ಬರೂ ಅದನ್ನ ಅಷ್ಟಕ್ಕೇ ಬಿಟ್ಟೆವು.

ಮಾರನೇ ದಿನ ಗುರುವಾರ. ಮಗಾಲಿ ಏನು ಬರೆದಳು ಅಂತ ಪೂರ್ತಿ ಇಲ್ಲಿ ಇಳಿಸ್ತೀನಿ, ನನಗೆ ಬಾಯಿಪಾಠ ಆಗಿಹೋಗಿದೆ. ರೇಡಿಯೋದವರು ಕಡೆಯ ಎರಡು ಸಾಲು ಓದಲೇ ಇಲ್ಲ, ಅದೂ ನಿನಗೆ ಗೊತ್ತಿರಲಿ.

'ಏನು ಮಾಡಿದೆವು: ಒಂದು ನಿಮಿಷಕ್ಕೆ ಎಷ್ಟು ಜೇನುಹುಳ ಒಳಗೆ ಹೋಗುತ್ತವೆ ಎಂದು ಎಣಿಸಿದೆವು. ಮಂಗಳವಾರ 64. ಬುಧವಾರ ಬೆಳಿಗ್ಗೆ 61. ಇವತ್ತು 3. ಹಲಗೆಯ ಮೇಲೆ ಸತ್ತು ಬಿದ್ದಿದ್ದವನ್ನೂ ಎಣಿಸಿದೆವು. 412 ಆದಮೇಲೆ ನಮ್ಮಲ್ಲಿ ಒಬ್ಬರು ಅಳತೊಡಗಿದರು, ಬಿಟ್ಟೆವು. ಎಲ್ಲಿ ತೊಡಕಾಯಿತು: ನಿನ್ನೆ ರಸ್ತೆಯಾಚೆ ಗೋಧಿಗೆ ಔಷಧಿ ಹೊಡೆದರು. ಯಂತ್ರ ನಮ್ಮ ಬೇಲಿಯ ಹತ್ತಿರ ಬಂತು. ಅದನ್ನು ಓಡಿಸುತ್ತಿದ್ದದ್ದು ನನ್ನ ಅಪ್ಪ. ನಾನು ಕೈ ಬೀಸಿದೆ. ಅಪ್ಪನೂ ಬೀಸಿದ. ಇದನ್ನು ಬರೆಯಬೇಕೋ ಬೇಡವೋ ಎಂದು ತುಂಬಾ ಹೊತ್ತು ಕೂತಿದ್ದೆ. ಬರೆಯದಿದ್ದರೆ ಪಟ್ಟಿಯಲ್ಲಿ ಒಂದು ದಿನ ಖಾಲಿ ಬಿಟ್ಟ ಹಾಗೆ ಆಗುತ್ತದೆ. ಈಗ ಏನು ಅನ್ನಿಸುತ್ತದೆ: ಅಪ್ಪನಿಗೆ ಜೇನುಹುಳ ಇಷ್ಟ. ಅಪ್ಪನಿಗೆ ಗೊತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.'

ನೋಡು, ಇದರಲ್ಲಿ ನಿನ್ನ ಮೇಲೆ ಚಾಡಿ ಎಲ್ಲಿದೆ? ಟೀಚರು ಹೇಳಿಕೊಟ್ಟು ಬರೆಸಿದರು ಅಂದೆಯಲ್ಲ, ಟೀಚರು ಅವತ್ತು ಲುಹಾನ್ ಜೊತೆ ಆಸ್ಪತ್ರೆಯಲ್ಲಿದ್ದರು. ದೊಡ್ಡ ಹುಡುಗಿ ಅಂತ ನಮ್ಮ ಮಗಾಲಿಯ ಕೈಗೇ ಪಟ್ಟಿ ಕೊಟ್ಟು, ಗುರುವಾರದ ಕೆಲಸ ಮಾಡಿಸಿಬಿಡು ಅಂತ ಹೇಳಿ ಹೋಗಿದ್ದರು. ಅಡುಗೆಯ ಗ್ಲಾದಿಸ್ ಮಕ್ಕಳನ್ನ ನೋಡಿಕೊಂಡಳು. ಇದನ್ನ ಬೇರೆಯವರು ಓದ್ತಾರೆ ಅಂತ ಆ ಹುಡುಗಿಗೆ ಗೊತ್ತಿತ್ತು, ಆದರೆ ಬೇರೆಯವರು ಅಂದರೆ ಯಾರು ಅಂತ ಗೊತ್ತಿರಲಿಲ್ಲ. ಬೇರೆ ಊರಿನ ಬೇರೆ ಶಾಲೆಯ ಮಕ್ಕಳು ಅಂದುಕೊಂಡಿದ್ದಳು. ಸೋಮವಾರ ಬೆಳಿಗ್ಗೆ ಪಟ್ಟಣದ ರೇಡಿಯೋದಲ್ಲಿ ಓದಿದಾಗ ನಾನು ಹಿಟ್ಟು ನಾದುತ್ತಿದ್ದೆ. ಮೊದಲು ಹೆಮ್ಮೆ ಆಯ್ತು ಕಣೋ. ನನ್ನ ಮೊಮ್ಮಗಳ ಬರಹ ರೇಡಿಯೋದಲ್ಲಿ ಅಂತ. ಆಮೇಲೆ, ಓಡಿಸುತ್ತಿದ್ದದ್ದು ನನ್ನ ಅಪ್ಪ ಅಂತ ಓದಿದರು. ಹಿಟ್ಟಿನೊಳಗೆ ನನ್ನ ಕೈ ಹಾಗೇ ನಿಂತುಹೋಯ್ತು.

ಆ ವಾರ ಹೇಗೆ ಕಳೀತು ಅಂತ ನಿನಗೂ ಗೊತ್ತು. ಅಧಿಕಾರಿಗಳು ಬಂದು ಶಾಲೆ ಬೇಲಿಯಿಂದ ಗೋಧಿ ಎಷ್ಟು ದೂರ ಅಂತ ಟೇಪು ಹಿಡಿದು ಅಳೆದರು, ಸತ್ತ ಹುಳ ಡಬ್ಬಿಗೆ ತುಂಬಿಕೊಂಡು ಹೋದರು. ಕಂಪನಿ ಕೆಲಸ ಮಾಡೋ ಮನೆಯವರು ನಮ್ಮನ್ನ ಅಂಗಡಿಯಲ್ಲಿ ಕಂಡರೆ ಬೆನ್ನು ತಿರುಗಿಸಿದರು. ಈ ಊರಿನಲ್ಲಿ ಕಂಪನಿ ಕೆಲಸ ಮಾಡದ ಮನೆ ಎಷ್ಟಿದೆ? ಶನಿವಾರ ನೀನು ಚೀಲ ಕಟ್ಟಿದೆ. ಬಿಸಿ ತಣ್ಣಗಾಗೋ ತನಕ ಬಡಗಣಕ್ಕೆ ಹೋಗಿರು, ಆಮೇಲೆ ಕರೆಸ್ಕೋತೀವಿ ಅಂತ ಕಂಪನಿಯವರು ಅಂದಿದ್ದಾರೆ ಅಂದೆ. ಹೋಗುವಾಗ ಬಾಗಿಲಲ್ಲಿ ನಿಂತಿದ್ದ ಮಗುವಿಗೆ ನೀನು ಹೇಳಿದ ಮಾತು ಇದೆಯಲ್ಲ, ಅಪ್ಪನ್ನ ಮಾರಿ ಟೀಚರ ಹತ್ರ ಶಭಾಷ್ ಅನ್ನಿಸ್ಕೊಂಡೆಯಲ್ಲೇ, ಅಂತ. ಅವಳು ಅತ್ತಿದ್ದರೆ ಚೆನ್ನಾಗಿತ್ತು. ನಿನ್ನ ಬಸ್ಸು ಹೋದ ಮೇಲೆ ಒಳಗೆ ಬಂದು ಆಲೂಗಡ್ಡೆ ಸಿಪ್ಪೆ ತೆಗೆಯೋಕೆ ಕೂತಳು. ಮೂರು ಜನಕ್ಕೆ ಬೇಕಾದಷ್ಟು ತೆಗೆದಳು.

ಈಗ ನಾನು ಮಾಡಿದ್ದು ಕೇಳು. ಇದನ್ನ ಬರೆಯೋಕೆ ನನಗೆ ನಾಚಿಕೆಯಾಗುತ್ತೆ. ಎರಡನೇ ತಾರೀಕು, ಸತ್ತವರ ದಿನ, ನಿಮ್ಮಪ್ಪನ ಗೋರಿಗೆ ಹೂವಿಟ್ಟು ನಾನೂ ಮಗಾಲಿಯೂ ಮನೆಗೆ ಬಂದಾಗ ನಿಮ್ಮ ಕಂಪನಿಯ ಮೇಸ್ತ್ರಿ ಬೆನೀತೆಸ್ ಬಾಗಿಲಲ್ಲಿ ಕಾಯ್ತಿದ್ದ. ಕೈಲಿ ಕುರಿಯ ತೊಡೆ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದು. ಟೋಪಿ ತೆಗೆದು, ದೋನ್ಯಾ ನೂಬಿಯಾ ಅಂತ ಬಲು ಮರ್ಯಾದೆಯಿಂದ ಮಾತಾಡಿದ. ಆದೆಮಾರ್ ನಮ್ಮ ಹುಡುಗ, ಅವನ ಕೆಲಸ ಎಲ್ಲೂ ಹೋಗಲ್ಲ ಅಂದ. ಅವನೇ ಒಂದು ಹೇಳಿಕೆಗೆ ಸಹಿ ಹಾಕಿ ಹೋಗಿದ್ದಾನೆ, ಇನ್ನು ಇಂಟರ್ನೆಟ್ಟಿನಲ್ಲಿ ಇರೋ ಹುಡುಗಿಯ ಬರಹ ಒಂದೇ ಅಡ್ಡ, ಅದು ಹೋದರೆ ಬರೋ ತಿಂಗಳೇ ಅವನು ವಾಪಸ್ಸು ಅಂದ. ಹೇಳಿಕೆಯ ಪ್ರತಿ ಮೇಜಿನ ಮೇಲಿಟ್ಟ. ಅಕ್ಷರ ಇರುವೆ ಸಾಲಿನಷ್ಟು ಸಣ್ಣ. ನನ್ನ ಕನ್ನಡಕ ನಿನಗೆ ಗೊತ್ತಲ್ಲ. ಯೋಚನೆ ಮಾಡದೆ, ಮಗಾ ಓದೇ ಅಂತ ಅವಳ ಕೈಗೆ ಕೊಟ್ಟೆ.

ಆ ತಪ್ಪು ನನ್ನದು. ಅವಳು ಶಾಲೆಯಲ್ಲಿ ಓದೋ ಹಾಗೆ ನೇರ ನಿಂತು ಜೋರಾಗಿ ಓದಿದಳು. 'ಅಕ್ಟೋಬರ್ ಹತ್ತೊಂಬತ್ತರಂದು ನಾನು ಯಂತ್ರವನ್ನು ಶೆಡ್ಡಿನಿಂದ ಹೊರಗೆ ತೆಗೆದಿಲ್ಲ, ಶಾಲೆಯ ಸಮೀಪ ಹೋಗಿಲ್ಲ, ನನ್ನ ಮಗಳು ಶಿಕ್ಷಕಿಯ ಪ್ರಚೋದನೆಯಿಂದ ಇಲ್ಲದ್ದನ್ನು ಕಲ್ಪಿಸಿ ಬರೆದಿರುತ್ತಾಳೆ.' ಪ್ರಚೋದನೆ ಅನ್ನೋ ಪದ ಅವಳಿಗೆ ಗೊತ್ತಿರಲಿಲ್ಲ, ಎರಡು ಸಲ ತಡವರಿಸಿದಳು. ಕೆಳಗೆ ನಿನ್ನ ಸಹಿ. ಕಾಗದ ಮಡಿಸಿ ಮೇಸ್ತ್ರಿ ಕೈಗೇ ಕೊಟ್ಟಳು. ಆಮೇಲೆ ನನ್ನ ಕಡೆ ನೋಡಿ, ನಾನು ನೋಡಿದ್ದು ಅಪ್ಪನ್ನೇ ಅಲ್ವಾ ಅಜ್ಜಿ, ಅಂದಳು. ಮೇಸ್ತ್ರಿ ಅಲ್ಲೇ ಕೂತಿದ್ದ, ಕುರಿತೊಡೆ ಮೇಜಿನ ಮೇಲಿತ್ತು. ದೂರದಿಂದ ಎಲ್ಲರೂ ಒಂದೇ ಥರ ಕಾಣ್ತಾರೆ ಮಗಾ ಅಂದೆ ನಾನು. ಈ ಬಾಯಿಂದಲೇ ಅಂದೆ. ಲ್ಯಾಪ್‌ಟಾಪು ತಾ, ಅದನ್ನ ತೆಗೆದು ಹಾಕಿಬಿಡು, ಅಪ್ಪ ಮನೆಗೆ ಬರಲಿ ಅಂದೆ. ಅವಳು ಹೋಗಿ ಲ್ಯಾಪ್‌ಟಾಪು ತಂದಳು. ನಮ್ಮ ಮನೆಯಲ್ಲಿ ಸಿಗ್ನಲ್ ಬರಲ್ಲ, ಶಾಲೆಯ ಗೋಡೆ ಪಕ್ಕ ಕೂತರೇ ಬರೋದು. ಮೂವರೂ ಅಲ್ಲಿಗೆ ನಡೆದು ಹೋದೆವು, ರಜೆ ದಿನ, ಯಾರೂ ಇರಲಿಲ್ಲ. ಗೋಡೆಗೆ ಒರಗಿ ಕೂತು ಅಳಿಸಿದಳು. ನಿಜವಾಗಲೂ ಅಳಿಸಬೇಕಾ ಅಂತ ಯಂತ್ರ ಕೇಳುತ್ತಂತೆ. ಅದನ್ನ ಮೇಸ್ತ್ರಿಗೆ ತಿರುಗಿಸಿ ತೋರಿಸಿ, ಹೌದು ಅಂತ ಒತ್ತಿದಳು. ಜಾಣೆ ಕಣಮ್ಮಾ ಅಂತ ಅವಳ ತಲೆ ಸವರಿದ ಅವನು. ಆ ಮಾಂಸ ನಾವು ಮೂರು ದಿನ ತಿಂದೆವು, ಆದೆಮಾರ್. ಬಿಸಾಕಲಿಲ್ಲ, ತಿಂದೆವು.

ಅದರ ಮುಂದಿನ ಸೋಮವಾರ ಟೀಚರನ್ನ ಪಟ್ಟಣದ ಕಚೇರಿಗೆ ಕರೆಸಿದರು. ಒಂಬತ್ತು ಮನೆಯಲ್ಲಿ ಆರು ಮನೆಯವರು ಅವರ ಮೇಲೆ ಅರ್ಜಿ ಕೊಟ್ಟಿದ್ದರು, ಮಕ್ಕಳ ತಲೆ ಕೆಡಿಸ್ತಾರೆ, ಕೆಲಸ ಕೊಟ್ಟವರ ಮೇಲೆ ಎತ್ತಿಕಟ್ತಾರೆ ಅಂತ. ಲುಹಾನಿನ ಅಪ್ಪನದ್ದೂ ಸಹಿ ಇತ್ತು ಅದರಲ್ಲಿ, ಇದಕ್ಕೇನು ಹೇಳ್ತೀಯ. ಮಗು ಬರೆದಿದ್ದು ಎಲ್ಲಿ ತೋರಿಸಿ ಅಂತ ಅಧಿಕಾರಿಗಳು ಕೇಳಿದಾಗ ಟೀಚರು ಬ್ಲಾಗ್ ತೆಗೆದರು, ಪುಟವೇ ಇಲ್ಲ. ಬರೆದ ಮಗುವೇ ತಪ್ಪು ಅಂತ ತಿಳಿದು ತೆಗೆದಿದೆ ಅಂದಮೇಲೆ ಇನ್ನೇನು ಅಂದರಂತೆ. ವಿಚಾರಣೆ ಮುಗಿಯೋ ತನಕ ಶಾಲೆಗೆ ಹೋಗಬೇಡಿ ಅಂತ ಅವರನ್ನ ಅಲ್ಲೇ ಯಾವುದೋ ಕೋಣೆಯಲ್ಲಿ ಫೈಲು ಜೋಡಿಸೋಕೆ ಕೂರಿಸಿದ್ದಾರೆ. ಹದಿನಾಲ್ಕು ವರ್ಷ ಈ ಶಾಲೆಯಲ್ಲಿದ್ದ ಹೆಂಗಸು. ಮಂಗಳವಾರ ತಾವು ವಾಸವಿದ್ದ ಶಾಲೆಯ ಕೋಣೆಯಿಂದ ತಮ್ಮ ಹಾಸಿಗೆ, ಸ್ಟವ್, ಪುಸ್ತಕದ ಪೆಟ್ಟಿಗೆ ತಗೊಂಡು ಹೋಗೋಕೆ ಬಂದಿದ್ದರು. ಮಗಾಲಿ ಬೇಲಿ ಹತ್ತಿರ ನಿಂತಿದ್ದಳು. ಟೀಚರು ಬಂದು ಅವಳ ಶಾಲೆಯಂಗಿಯ ಕೊರಳಿನ ನೀಲಿ ರಿಬ್ಬನ್ನು ಸರಿಮಾಡಿ ಕಟ್ಟಿ, ನಿನ್ನ ಮೇಲೆ ನನಗೆ ಕೋಪ ಇಲ್ಲ ಕಣೇ, ಅಂದರು. ಅಷ್ಟೇ ಅಂದಿದ್ದು. ಹುಡುಗಿ ಆಗಲೂ ಅಳಲಿಲ್ಲ. ಮೆಲುಕು ಪೂರ್ತಿ ಮುಚ್ಚಿದ್ದಾರೆ ಈಗ. ಮಾರ್ಚಿನಿಂದ ಒಂಬತ್ತು ಮಕ್ಕಳು ಬರೆದಿದ್ದು ಒಂದೂ ಇಲ್ಲ. ಹೊಸದಾಗಿ ಬಂದ ಟೀಚರು ಲ್ಯಾಪ್‌ಟಾಪುಗಳನ್ನ ಬೀರುವಿನಲ್ಲಿಟ್ಟು ಭದ್ರವಾಗಿ ಬೀಗ ಹಾಕಿದ್ದಾರೆ. ಜೇನುಪೆಟ್ಟಿಗೆ ಎರಡೂ ಖಾಲಿ ಬಿದ್ದಿವೆ.

ಸಂಜೆ ಅವಳು ಮನೆಗೆ ಬಂದಾಗ ಇವತ್ತು ಏನು ಮಾಡಿದಿರಿ ಅಂತ ಕೇಳ್ತೀನಿ. ಚೆನ್ನಾಗಿತ್ತು ಅಂತಾಳೆ. ಏನು ಚೆನ್ನಾಗಿತ್ತು ಅಂದರೆ, ಎಲ್ಲಾ ಚೆನ್ನಾಗಿತ್ತು ಅಂತಾಳೆ. ಮೊನ್ನೆ ಗುರುವಾರ ಮಾಟೆ ಕಾಯಿಸಿ ಇಬ್ಬರೂ ಎದುರುಬದುರು ಕೂತಿದ್ದೆವು, ಓದೋಕೆ ಏನೂ ಇರಲಿಲ್ಲ. ಅವತ್ತು ನಾನು ಸೋತೆ. ಅವಳ ಕೈ ಹಿಡಿದುಕೊಂಡು, ನೀನು ನೋಡಿದ್ದು ಅಪ್ಪನ್ನೇ ಕಣೇ, ಅಜ್ಜಿ ಸುಳ್ಳು ಹೇಳಿದೆ, ಅಜ್ಜಿಗೆ ಭಯ ಆಗಿತ್ತು ಅಂದೆ. ಅವಳು ಕೈ ಬಿಡಿಸಿಕೊಂಡು ಲೋಟ ಸರಿಸಿಟ್ಟಳು. ಆಮೇಲೆ, ನೀನು ಹೇಳಿದೆ ಅಷ್ಟೇ ಅಜ್ಜಿ, ಒತ್ತಿದ್ದು ನಾನೇ, ಅಂದಳು. ಅದನ್ನ ಮತ್ತೆ ಬರಿ, ಕಾಗದದ ಮೇಲೆ ಬರೆದುಕೊಡು, ನಾನು ತಗೊಂಡು ಹೋಗ್ತೀನಿ ಅಂತ ಅಂಗಲಾಚಿದೆ. ತಲೆ ಅಲ್ಲಾಡಿಸಿದಳು. ಇನ್ನು ನಾನು ಏನೂ ಬರೆಯಲ್ಲ ಅಂದಳು. ಹನ್ನೊಂದು ವರ್ಷದ ಹುಡುಗಿ ಅಷ್ಟು ತಣ್ಣಗೆ ಹೇಳಬಾರದು ಕಣೋ ಹಾಗೆ.

ಶುಕ್ರವಾರ ನಾನೇ ಹೋದೆ. ಬೆಳಗಿನ ಬಸ್ಸಿಗೆ, ಭಾನುವಾರದ ಬಟ್ಟೆ ಹಾಕಿಕೊಂಡು. ಕಚೇರಿಯಲ್ಲಿ ಮಧ್ಯಾಹ್ನದ ತನಕ ಬೆಂಚಿನ ಮೇಲೆ ಕೂರಿಸಿದರು, ಮಂಡಿ ಕಲ್ಲಾಗಿತ್ತು. ಒಳಗೆ ಕರೆದವನು ಒಬ್ಬ ಚಿಕ್ಕ ವಯಸ್ಸಿನ ಅಧಿಕಾರಿ, ಪಕ್ಕದಲ್ಲಿ ಟೈಪು ಮಾಡೋ ಹೆಂಗಸು. ಅಳಿಸಿದ ಪುಟದಲ್ಲಿ ಏನಿತ್ತು ಅಂತ ಹೇಳೋಕೆ ಬಂದಿದ್ದೀನಿ ಅಂದೆ. ಹೇಳಿ ಅಂದ, ನಂಬಿಕೆಯಿಲ್ಲದವನ ಹಾಗೆ. ಮೊದಲಿಂದ ಕಡೆಯ ತನಕ ಒಪ್ಪಿಸಿದೆ, ಅರವತ್ತನಾಲ್ಕು, ಅರವತ್ತೊಂದು, ಮೂರು, ನಾನೂರ ಹನ್ನೆರಡು, ಒಂದೂ ಬಿಡದ ಹಾಗೆ. ಇಷ್ಟು ಸರಿಯಾಗಿ ಹೇಗಮ್ಮಾ ನೆನಪಿದೆ ಅಂದ. ಅಳಿಸೋಕೆ ಹೇಳಿದವಳು ನಾನೇ ಸ್ವಾಮಿ, ಅದಕ್ಕೇ ನೆನಪಿದೆ, ಅಂದೆ. ಟೈಪು ಮಾಡ್ತಿದ್ದ ಹೆಂಗಸು ತಲೆ ಎತ್ತಿ ನೋಡಿದಳು. ಆಮೇಲೆ ಔಷಧಿ ಹೊಡೆಯೋ ಹಿಂದಿನ ದಿನ, ಆ ಮಂಗಳವಾರ ಸಂಜೆಯದ್ದೂ ಹೇಳಿದೆ. ಅವತ್ತು ನಾನು ಹಿತ್ತಲಲ್ಲಿ ಬಟ್ಟೆ ತೆಗೀತಿದ್ದೆ, ನೀನೂ ಮೇಸ್ತ್ರಿಯೂ ಬೇಲಿ ಹತ್ತಿರ ನಿಂತಿದ್ದಿರಿ. ಪಕ್ಕದಲ್ಲಿ ಶಾಲೆ ಇದೆಯಲ್ಲ, ಶನಿವಾರ ಹೊಡೆದರಾಗದಾ ಅಂತ ನೀನು ಕೇಳಿದೆ. ನಾಳೆ ಗಾಳಿ ಇರಲಿ ಬಿಡಲಿ ರಸ್ತೆ ಪಕ್ಕದ್ದು ಮುಗೀ‌ಬೇಕು, ಹುಳ ಏನು ಶಾಲೆ ಬೆಲ್ಲು ಹೊಡೆಯೋ ತನಕ ಕಾಯುತ್ತಾ, ಅಂತ ಅವನು ಹೇಳಿದ. ನೀನು ಕೇಳಿದ್ದನ್ನೂ ಹೇಳಿದೆ, ಅವನ ಉತ್ತರಾನೂ ಹೇಳಿದೆ. ಕುರಿತೊಡೆಯದ್ದೂ ಬಿಡಲಿಲ್ಲ. ಎಲ್ಲಾ ಬರೆದುಕೊಂಡು ಸಹಿ ಹಾಕಿಸಿಕೊಂಡರು. ಟೀಚರು ವಾಪಸ್ಸು ಬರ್ತಾರಾ ಅಂತ ಕೇಳಿದೆ. ಅದನ್ನ ಈಗಲೇ ಹೇಳೋಕಾಗಲ್ಲ, ಒಬ್ಬ ಅಜ್ಜಿಯ ಮಾತಿನ ಮೇಲೆ ಏನೂ ನಡೆಯಲ್ಲ ಅಂದ. ಒರಟಾಗಿ ಅಂದಿದ್ದಲ್ಲ, ಇದ್ದದ್ದನ್ನ ಅಂದ.

ಊರಿಗೆ ಸುದ್ದಿ ನನಗಿಂತ ಮುಂಚೆ ಬಂದು ಕೂತಿತ್ತು. ಶನಿವಾರ ಅಂಗಡಿಯಲ್ಲಿ ನನಗೆ ಹಿಟ್ಟು ಇಲ್ಲ ಅಂದರು, ಹಿಂದೆ ನಿಂತಿದ್ದವಳಿಗೆ ಅದೇ ಮೂಟೆಯಿಂದ ತೂಗಿಕೊಟ್ಟರು. ಇರಲಿ ಬಿಡು, ಜೋಳದ ಹಿಟ್ಟಿದೆ ಮನೆಯಲ್ಲಿ. ಮಗಾಲಿಗೆ ನಾನು ಹೋಗಿ ಬಂದಿದ್ದು ಹೇಳಿದೆ. ಎಲ್ಲಾ ಸಂಖ್ಯೆ ಸರಿ ಹೇಳಿದೆಯಾ ಅಂತ ಕೇಳಿದಳು, ಹೂಂ ಅಂದೆ. ಅವಳು ಮತ್ತೆ ಬರೀತಾಳೆ ಅನ್ನೋ ನಂಬಿಕೆ ನನಗಿಲ್ಲ. ಡಿಸೆಂಬರಿಗೆ ಆರನೇ ಕ್ಲಾಸು ಮುಗಿಯುತ್ತೆ, ಮುಂದಿನ ವರ್ಷ ಪಟ್ಟಣದ ಶಾಲೆ, ಅಲ್ಲಿ ಅವಳನ್ನ ಮೂವತ್ತು ಮಕ್ಕಳ ನಡುವೆ ಕೂರಿಸ್ತಾರೆ. ಸುಮ್ಮನೆ ಕೂರೋ ಮಗು ಅಂತ ಎಲ್ಲರೂ ಹೊಗಳ್ತಾರೆ ಅಂತ ಕಾಣುತ್ತೆ.

ನಿನ್ನನ್ನ ಬೈಯೋಕೆ ಈ ಕಾಗದ ಬರೆದಿದ್ದಲ್ಲ ಕಂದಾ. ನೀನು ಯಾಕೆ ಸಹಿ ಹಾಕಿದೆ ಅಂತ ನನಗೆ ಗೊತ್ತು. ನಾನು ಯಾಕೆ ಅಳಿಸೋಕೆ ಹೇಳಿದೆನೋ ಅದಕ್ಕೇ. ಹಸಿವು ಕಂಡವರ ಭಯ ಅದು, ಹೊಟ್ಟೆ ತುಂಬಿದ ಮೇಲೂ ಹೋಗಲ್ಲ. ಮೈ ನೋಡಿಕೋ. ನೀರು ಕಾಯಿಸಿ ಕುಡಿ. ಅಲ್ಲಿ ಕೂಲಿಯವರ ಜೊತೆ ಇಸ್ಪೀಟು ಆಡೋಕೆ ಕೂರಬೇಡ, ನಿನಗೆ ಸೋಲೋಕೆ ಬರಲ್ಲ. ನಿಮ್ಮಪ್ಪನ ಗೋರಿಗೆ ನಿನ್ನ ಪಾಲಿನ ಹೂವೂ ಇಟ್ಟು ಬಂದಿದ್ದೀನಿ. ನೀನು ಎಲ್ಲಿದ್ದರೂ ದೇವರ ಕಣ್ಣು ನಿನ್ನ ಮೇಲಿರಲಿ, ನನ್ನ ಕೈ ನಿನ್ನ ತಲೆ ಮೇಲಿರಲಿ.

ನಿನ್ನ ತಾಯಿ,
ನೂಬಿಯಾ

ಮತ್ತೆ: ವಾಲ್ತೆರ್ ಬಸ್ಸು ನಿಲ್ಲಿಸಿಕೊಂಡು ಹಾರನ್ ಹೊಡೀತಿದ್ದಾನೆ, ಮೇಲೆ ಬರೆಯೋಕೆ ಧೈರ್ಯ ಬರದೇ ಇದ್ದದ್ದನ್ನ ಈಗ ಬರೀತೀನಿ. ಕಚೇರಿಯಲ್ಲಿ ಕಡೆಗೆ ಒಂದು ಪ್ರಶ್ನೆ ಕೇಳಿದರು, ಗಾಳಿ ಶಾಲೆ ಕಡೆಗಿದೆ ಅಂತ ನಿಮ್ಮ ಮಗನಿಗೆ ಗೊತ್ತಿತ್ತಾ ಅಂತ. ಇಲ್ಲ ಅಂದೆ. ಬರೆದುಕೊಂಡರು. ಮುಂದಿನ ಹಾಳೆಗೆ ಹೋಗುವಾಗ, ನಿಲ್ಲಿ, ಅದನ್ನ ಹೊಡೆದು ಹಾಕಿ ಅಂದೆ. ಆ ಬುಧವಾರ ಮಧ್ಯಾಹ್ನ ನೀನು ಮನೆಗೆ ಬಂದು ನಲ್ಲಿ ಕೆಳಗೆ ತಲೆಯಿಟ್ಟು ಎಷ್ಟು ಹೊತ್ತಾದರೂ ಏಳದೆ ಇದ್ದೆಯಲ್ಲ, ಆಗ ನೀನು ಹೇಳಿದ್ದನ್ನ ಹೇಳಿದೆ. 'ಗಾಳಿ ತಿರುಗಿತಮ್ಮಾ. ಮಕ್ಕಳು ಹೊರಗಿರೋದು ಕಾಣಿಸ್ತಿತ್ತು. ಇನ್ನೆರಡು ಸಾಲು ಉಳಿದಿತ್ತು, ಮುಗಿಸಿಬಿಟ್ಟೆ.' ಇದೇ ಮಾತನ್ನ, ಹೀಗೇ ಹೇಳಿ ಸಹಿ ಹಾಕಿದ್ದೀನಿ. ಇಪ್ಪತ್ತನಾಲ್ಕಕ್ಕೆ ನಿನ್ನನ್ನ ವಿಚಾರಣೆಗೆ ಕರೆಸ್ತಾರೆ, ವಿಳಾಸ ಕೊಟ್ಟವಳೂ ನಾನೇ. ಬೈಯೋದಿದ್ದರೆ ನನ್ನನ್ನ ಬೈ, ಜನ್ಮವಿಡೀ ಮಾತು ಬಿಡೋದಿದ್ದರೂ ನನ್ನ ಜೊತೆ ಬಿಡು. ಮಗಾಲಿಗೆ ಇದೊಂದು ಗೊತ್ತಿಲ್ಲ. ನಾನು ಹೇಳಲ್ಲ. ಇದನ್ನ ನೀನೇ ಬಂದು ಅವಳ ಮುಖ ನೋಡಿ ಹೇಳಬೇಕು.